ಸೀಸದ ಬಾಣಲೆಗೆ ಬಿದ್ದ ಸತು

ಆ ದಿನ ಎರಕ ಹೊಯ್ದ ‘ಕ’ಗಳಿಗೆ ತಲಕಟ್ಟೇ ಇರಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ಬೆಂಗಳೂರಿನ ಪೇಟೆಯ ಒಂದು ಓಣಿ. ಮುಂದೆ ಗೋಣಿಚೀಲದ ಮಂಡಿ, ಹಿಂದೆ ತಗಡಿನ ಮಾಡಿನ ಕೆಳಗೆ ಅಚ್ಚುಮೊಳೆ ಮಾಡುವ ಸಣ್ಣ ಫೌಂಡ್ರಿ. ನಮ್ಮ ದೊಡ್ಡಪ್ಪ ಅಲ್ಲಿ ಎರಕದ ಮೇಸ್ತ್ರಿ. ಬೇಸಿಗೆ ರಜೆಗೆ ಊರಿನಿಂದ ಬಂದವನಿಗೆ ಸುಮ್ಮನೆ ಕೂತು ತಿನ್ನಲು ಬಿಡುವ ಮನೆ ಅದಲ್ಲ. ಹಾಗಾಗಿ ನನಗೂ ಒಂದು ಕೆಲಸ ಗಂಟುಬಿದ್ದಿತ್ತು. ಕೈಯಿಂದ ತಿರುಗಿಸುವ ಎರಕದ ಯಂತ್ರ ಒಂದು ಸುತ್ತಿಗೆ ಒಂದು ಮೊಳೆಯಂತೆ ಉದುರಿಸುತ್ತಿತ್ತು. ಪ್ರತಿ ಮೊಳೆಯ ಬುಡಕ್ಕೂ ಲೋಹ ಹರಿದು ಬಂದ ದಾರಿಯ ಗುರುತಾಗಿ ಒಂದು ಬಾಲ. ಆ ಬಾಲ ಮುರಿದು, ಮೊಳೆಯನ್ನು ಒಂದು ತಟ್ಟೆಗೆ, ಬಾಲವನ್ನು ಇನ್ನೊಂದಕ್ಕೆ ಹಾಕಬೇಕು. ಅಷ್ಟೇ ಕೆಲಸ. ಸಂಜೆಗೆ ಬೆರಳ ತುದಿಗಳು ಸ್ಲೇಟಿನ ಬಣ್ಣಕ್ಕೆ ತಿರುಗಿರುತ್ತಿದ್ದವು. ಆ ಕೈಯಲ್ಲೇ ಬೋಂಡ ತಿನ್ನುತ್ತಿದ್ದೆವು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಆ ಬೆಳಿಗ್ಗೆ ಬಿದ್ದ ಮೊಳೆಗಳು ಒಂದು ಥರ ಇದ್ದವು. ಎಂದಿನ ಬೆಳ್ಳಿಹೊಳಪಿಲ್ಲ, ಮಂಜು ಕುಳಿತಂತೆ ಮಸುಕು. ಪಕ್ಕದಲ್ಲಿ ಹಾಲಿನ ಕೆನೆ ಸುಕ್ಕುಗಟ್ಟಿದಂಥ ಗೆರೆ. ದೊಡ್ಡಪ್ಪ ಒಂದನ್ನು ಕಣ್ಣಿಗೆ ಹತ್ತಿರ ಹಿಡಿದು, ಭೂತಗನ್ನಡಿ ಕೂಡ ಬೇಡವೆನ್ನುವಂತೆ, “ತಲಕಟ್ಟು ತುಂಬಿಲ್ಲ ನೋಡು” ಎಂದರು. ಅಕ್ಷರದ ಹೊಟ್ಟೆ ಸರಿಯಾಗಿತ್ತು. ಮೇಲಿನ ಆ ಸಣ್ಣ ಕೊಕ್ಕೆಯ ಜಾಗದಲ್ಲಿ ಮಾತ್ರ ಮೊಂಡು ಗುಬುಟು. ಅಕ್ಷರ ಕೊರೆದ ಅಚ್ಚು, ಅಂದರೆ ಮ್ಯಾಟ್ರಿಕ್ಸ್, ಬದಲಿಸಿದರು. ‘ಳ’ ಹಾಕಿದರು, ಒತ್ತಕ್ಷರ ಹಾಕಿದರು. ಎಲ್ಲವೂ ಮೊಂಡೇ. ಆಮೇಲೆ ಬಾಣಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಸೌಟಿನಿಂದ ಮೇಲ್ಮೈ ಸರಿಸಿದರು. ಕನ್ನಡಿಯಂತೆ ಇರಬೇಕಾದ ಲೋಹದ ಮೇಲೆ ರಾಗಿ ಅಂಬಲಿ ಆರಿದಂತೆ ದಪ್ಪ ಪದರ. ಸರಿಸಿದಷ್ಟೂ ಮತ್ತೆ ಕಟ್ಟುತ್ತಿತ್ತು.

“ಯಾವನೋ ಬ್ಲಾಕ್ ಹಾಕ್ಬಿಟ್ಟವ್ನೆ ಕಣೋ,” ಎಂದರು.

ಈಗಿನವರಿಗೆ ಈ ‘ಬ್ಲಾಕ್’ ಏನೆಂದು ಹೇಳಬೇಕು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ ಚಿತ್ರ ಬೇಕೆಂದರೆ ಸತುವಿನ ತಗಡಿನ ಮೇಲೆ ಅದನ್ನು ಇಳಿಸಿ, ಆಮ್ಲದಲ್ಲಿ ಕೊರೆಸಿ, ಮರದ ತುಂಡಿಗೆ ಮೊಳೆ ಹೊಡೆದು ಕೂರಿಸುತ್ತಿದ್ದರು. ಮದುವೆ ಕರೆಯೋಲೆಯ ನೆತ್ತಿಯ ಗಣಪತಿ, ಅಂಗಡಿ ಬಿಲ್ಲಿನ ಲಕ್ಷ್ಮಿ, ಚುನಾವಣೆ ಕರಪತ್ರದ ಗುರುತು, ಶ್ರದ್ಧಾಂಜಲಿಯ ಭಾವಚಿತ್ರ, ಎಲ್ಲವೂ ಹೆಚ್ಚಾಗಿ ಸತು. ಸವೆದ ಮೊಳೆಗಳನ್ನು ಪ್ರೆಸ್ಸಿನವರು ಚೀಲದಲ್ಲಿ ತುಂಬಿ ಕಿಲೋ ಲೆಕ್ಕದಲ್ಲಿ ಫೌಂಡ್ರಿಗೆ ಕೊಟ್ಟು, ಮೇಲೆ ಎರಕದ ಕೂಲಿ ಕಟ್ಟಿ ಹೊಸ ಮೊಳೆ ಒಯ್ಯುತ್ತಿದ್ದರು. ಆ ಚೀಲದಲ್ಲಿ ಮೊಳೆಗಳ ಜೊತೆಗೆ ಏನು ಬರುತ್ತಿತ್ತು, ಏನು ಬರುತ್ತಿರಲಿಲ್ಲ! ಪಿನ್ನು, ಬೀಡಿ ತುಂಡು, ಗೆರೆ ಅಚ್ಚಿಸುವ ಹಿತ್ತಾಳೆ ರೂಲು, ಒಮ್ಮೆ ಯಾರದೋ ಕನ್ನಡಕದ ಕಾಲು.

ಅಂದಿನ ಚೀಲದ ತಳದಲ್ಲಿ ಅರ್ಧ ತಗಡು ಸಿಕ್ಕಿತು. ಅದರ ಮೇಲೆ ಒಂದು ಇಲಿ, ಮೋದಕದ ತಟ್ಟೆ, ದಪ್ಪ ಪಾದ. ಮೇಲರ್ಧ ಆಗಲೇ ಬಾಣಲೆಯಲ್ಲಿ ಕರಗಿತ್ತು. “ವಿಘ್ನ ಕಳೀಬೇಕಾದವ್ನೇ ವಿಘ್ನ ತಂದವ್ನೆ” ಎಂದು ದೊಡ್ಡಪ್ಪ ನಕ್ಕರು. ಆ ದಿನ ಅವರು ನಕ್ಕಿದ್ದು ಅದೊಂದೇ ಸಲ.

ಚಿಟಿಕೆ ಸತುವಿಗೆ ಇಷ್ಟು ರಾದ್ಧಾಂತ ಏಕೆ ಎಂಬುದು ನನಗೆ ಅರ್ಥವಾಗಿದ್ದು ಬಹಳ ವರ್ಷಗಳ ನಂತರ. ಅಚ್ಚುಮೊಳೆ ಎಂದರೆ ಬರೀ ಸೀಸವಲ್ಲ. ಬರೀ ಸೀಸ ಉಗುರಿಗೂ ಸೋಲುವಷ್ಟು ಮೆದು. ಗಟ್ಟಿತನಕ್ಕೆ ಆಂಟಿಮನಿ, ಹರಿವಿಗೆ ತವರ ಬೆರೆಸಬೇಕು. ಸಾಲುಸಾಲಾಗಿ ಎರಕ ಹೊಯ್ಯುವ ಲೈನೋಟೈಪ್ ಯಂತ್ರಕ್ಕೆ ನೂರಕ್ಕೆ 84 ಪಾಲು ಸೀಸ, 12 ಆಂಟಿಮನಿ, 4 ತವರದ ಮಿಶ್ರಣ ರೂಢಿ. ಬಿಡಿ ಮೊಳೆಗೆ ಇನ್ನೂ ಗಟ್ಟಿ ಬೇಕು, ಆದ್ದರಿಂದ ಆಂಟಿಮನಿ, ತವರ ಎರಡೂ ಹೆಚ್ಚು. ಈ ಮಿಶ್ರಣದ ಗುಣವೇ ಅದು: ಅಚ್ಚಿನ ಸೂಜಿಮೊನೆಯಷ್ಟು ಸಂದಿಗೂ ನುಗ್ಗಿ, ಅಲ್ಲೇ ಥಟ್ಟನೆ ಹೆಪ್ಪುಗಟ್ಟುತ್ತದೆ.

ಸತು ಬಂತೆಂದರೆ ಮೊದಲು ಕೆಡುವುದು ಈ ನುಗ್ಗುವ ಗುಣ. ಸೀಸ, ತವರ, ಆಂಟಿಮನಿ ಮೂರಕ್ಕಿಂತಲೂ ಸತುವಿಗೆ ಗಾಳಿಯ ಆಮ್ಲಜನಕದ ಮೇಲೆ ಆಸೆ ಹೆಚ್ಚು. ಕರಗಿದ ಲೋಹ ಗಾಳಿ ಕಂಡಲ್ಲೆಲ್ಲ ಅದು ಮುಂದೆ ಬಂದು ತೆಳು ಪೊರೆ ಕಟ್ಟುತ್ತದೆ. ಬಾಣಲೆಯ ಮೇಲೆ ಕಟ್ಟಿದರೆ ಅಂಬಲಿ. ಅಚ್ಚಿಗೆ ಹರಿಯುವ ಧಾರೆಯ ಸುತ್ತ ಕಟ್ಟಿದರೆ ಅದೊಂದು ಚೀಲ. ಚೀಲದೊಳಗಿನ ಲೋಹ ಮೂಲೆಗೆ ತುಂಬುವುದು ಹೇಗೆ? ಇಂಗ್ಲಿಷಿನ ‘ಐ’ ಅಕ್ಷರಕ್ಕಾದರೆ ಒಂದು ಕಂಬ ನಿಂತರೆ ಸಾಕು. ನಮ್ಮ ಲಿಪಿಯದು ಹಾಗಲ್ಲ. ತಲಕಟ್ಟು, ಗುಡಿಸು, ಕೊಂಬು, ಏತ್ವ, ಹೀಗೆ ನೂರಾರು ಬಗೆಯ ಮೊಳೆ, ಅಕ್ಷರದ ಕೆಳಗೆ ಕಡಲೆಬೇಳೆ ಗಾತ್ರದ ಒತ್ತು. ಸತುವಿನ ಪೊರೆ ಮೊದಲು ನುಂಗುವುದು ಇವನ್ನೇ.

ಹಾಗಾದರೆ ತೆಗೆದುಬಿಡಬಾರದೆ? ಸೀಸ ಸತುವಿಗಿಂತ ಒಂದೂವರೆ ಪಟ್ಟು ಭಾರ. ಒಂದು ಘನ ಸೆಂಟಿಮೀಟರಿಗೆ ಸೀಸ 11.3 ಗ್ರಾಂ, ಸತು 7.1 ಗ್ರಾಂ. ಎಣ್ಣೆ ನೀರಿನಂತೆ ಸತು ಮೇಲೆ ತೇಲಬೇಕಲ್ಲ, ಸೌಟಿನಿಂದ ಎತ್ತಿ ಬಿಸಾಡಬಹುದಲ್ಲ? ಶಾಲೆಯಲ್ಲಿ ವಿಜ್ಞಾನ ಓದಿದ ನಾನು ದೊಡ್ಡಪ್ಪನಿಗೆ ಇದನ್ನೇ ಕೇಳಿದ್ದೆ. ಅವರು ಉತ್ತರ ಕೊಡಲಿಲ್ಲ. ಲೋಟದ ಕಾಫಿಗೆ ಸಕ್ಕರೆ ಹಾಕಿ ಕದಡಿ, “ಈಗ ತೆಗಿ” ಎಂದರು.

ಅರ್ಧ ಅವರದು ಸರಿ, ಅರ್ಧ ನನ್ನದು. ಸೀಸ ಕರಗುವುದು 327 ಡಿಗ್ರಿ ಸೆಲ್ಸಿಯಸ್ಸಿಗೆ, ಸತು 419ಕ್ಕೆ. ಇವೆರಡೂ ನಿಜಕ್ಕೂ ಎಣ್ಣೆ ನೀರಿನಂಥವೇ, ಪೂರ್ತಿ ಬೆರೆಯುವುದಿಲ್ಲ. ಆದರೆ ನೀರಿಗೆ ಎಣ್ಣೆ ಬೆರೆಯದಷ್ಟು ಕಟ್ಟುನಿಟ್ಟೂ ಅಲ್ಲ. ಸತು ಕರಗುವ ಕಾವಿನ ಹತ್ತಿರ ನೂರು ಕಿಲೋ ಲೋಹದಲ್ಲಿ ಸುಮಾರು ಎರಡು ಕಿಲೋ ಸತು ಕರಗಿ ಮಾಯವಾಗಬಲ್ಲದು. ಕಾವು ಇಳಿಸುತ್ತ ಬಂದರೆ ಹೆಚ್ಚುವರಿ ಸತು ಹರಳುಗಟ್ಟಿ ಮೇಲೆ ಬರುತ್ತದೆ, ಆಗ ನಿಜವಾಗಿಯೂ ಸೌಟಿನಿಂದ ಎತ್ತಬಹುದು. ಆದರೆ ಲೋಹ ಗಟ್ಟಿಯಾಗುವ ಅಂಚಿಗೆ, ಸುಮಾರು 318 ಡಿಗ್ರಿಗೆ ಬಂದಾಗಲೂ, ನೂರು ಕಿಲೋದಲ್ಲಿ ಅರ್ಧ ಕಿಲೋದಷ್ಟು ಸತು ಒಳಗೇ ಉಳಿಯುತ್ತದೆ. ತಣಿಸಿ ಕೆನೆ ತೆಗೆಯುವ ಉಪಾಯ ಅಲ್ಲಿಗೆ ಮುಗಿಯಿತು. ಇದು ಬರೀ ಸೀಸದ ಲೆಕ್ಕ. ಆಂಟಿಮನಿ, ತವರ ಸೇರಿದಾಗ ಅಂಕಿ ಆಚೀಚೆಯಾಗುತ್ತದೆ, ಪಾಡು ಬದಲಾಗುವುದಿಲ್ಲ.

ನಮ್ಮ ಗಣಪತಿಯ ಲೆಕ್ಕ ಹಾಕಿ ನೋಡಿ. ಅಂಗೈಗಿಂತ ಚಿಕ್ಕ ತಗಡು, ಕರಗಿದ ಭಾಗ ಐವತ್ತು ಗ್ರಾಂ ಇದ್ದಿರಬಹುದು. ಬಾಣಲೆಯಲ್ಲಿದ್ದ ಲೋಹ ಐವತ್ತು ಕಿಲೋ. ಸಾವಿರಕ್ಕೆ ಒಂದು ಪಾಲು. ಸೀಸ ತಾನಾಗಿ ಬಿಟ್ಟುಕೊಡುವ ಮಟ್ಟಕ್ಕಿಂತ ಬಹಳ ಕೆಳಗೆ, ಮೊಳೆ ಕೆಡಿಸುವ ಮಟ್ಟಕ್ಕಿಂತ ಬಹಳ ಮೇಲೆ. ಸತುವಿನ ಕಾಟವೆಲ್ಲ ಇರುವುದು ಈ ನಡುವಿನ ಜಾಗದಲ್ಲಿ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲೇ ಹೇಳಿಬಿಡಬೇಕು. ಕಾವು 419 ದಾಟದಂತೆ ನೋಡಿಕೊಂಡರೆ ಸತು ಕರಗುವುದೇ ಇಲ್ಲ, ತೇಲುವ ಚೂರನ್ನು ಇಕ್ಕಳದಿಂದ ಎತ್ತಿದರಾಯಿತು ಎನ್ನುವವರಿದ್ದಾರೆ. ದಪ್ಪ ಚೂರು, ಕಡಿಮೆ ಕಾವು, ಚುರುಕು ಕೈ ಇದ್ದರೆ ಮಾತು ನಿಜ. ಆದರೆ ಸಕ್ಕರೆ ಕಾಫಿಯಲ್ಲಿ ಕರಗಲು ಕಾಫಿ ಸಕ್ಕರೆಯ ಕರಗುಬಿಂದುವಿಗೆ ಬರಬೇಕಾಗಿಲ್ಲವಲ್ಲ. ಸತುವಿನ ತಗಡೂ ಕರಗಿದ ಸೀಸದಲ್ಲಿ ಮೆಲ್ಲಗೆ ಸವೆಯುತ್ತಲೇ ಇರುತ್ತದೆ. ಹಿತ್ತಾಳೆ ಕರಗಬೇಕಾದರೆ 900 ಡಿಗ್ರಿ ಬೇಕು. ಆದರೂ ಹಿತ್ತಾಳೆ ರೂಲು ಬಾಣಲೆಯಲ್ಲಿ ಅರ್ಧ ದಿನ ಬಿದ್ದಿದ್ದರೆ ಅದರ ತಾಮ್ರ, ಸತು ಎರಡೂ ಲೋಹಕ್ಕೆ ಇಳಿಯುತ್ತವೆ. ಬಾಣಲೆಗೆ ಹಾಕಿ ಮರೆತದ್ದು ಬಾಣಲೆಯದೇ.

ಇದರಲ್ಲಿ ಒಂದು ತಮಾಷೆ ಇದೆ. ನಾಗಮಂಗಲದ ಕಡೆ ವಿಗ್ರಹ ಎರಕ ಹೊಯ್ಯುವವರನ್ನು ಕೇಳಿ, ಅವರ ಗೋಳು ಇದಕ್ಕೆ ತಿರುಗುಮುರುಗು. ಹಿತ್ತಾಳೆಯೆಂದರೆ ತಾಮ್ರ ಮತ್ತು ಸತು. ಹಿತ್ತಾಳೆ ಕರಗುವ ಕಾವಿನಲ್ಲಿ ಸತು ಕುದಿದು ಆವಿಯಾಗತೊಡಗುತ್ತದೆ, ಬಿಳಿ ಹೊಗೆಯಾಗಿ ಹಾರಿಹೋಗುತ್ತದೆ. ಹೋದಷ್ಟನ್ನು ತುಂಬಲು ಮೊದಲೇ ಸ್ವಲ್ಪ ಹೆಚ್ಚು ಹಾಕಬೇಕು. ಹಿತ್ತಾಳೆಯವನ ಮೂಸೆಯಲ್ಲಿ ಸತು ನಿಲ್ಲುವುದಿಲ್ಲ, ಸೀಸದವನ ಬಾಣಲೆಯಿಂದ ಅದು ಎದ್ದೇಳುವುದಿಲ್ಲ. ಎಲ್ಲ ಕಾವಿನ ಆಟ. ಸತು ಕುದಿಯುವುದು 907 ಡಿಗ್ರಿಗೆ. ನಮ್ಮ ಬಾಣಲೆ ಅದರ ಅರ್ಧಕ್ಕೂ ಹೋಗುತ್ತಿರಲಿಲ್ಲ.

ಈ ಹಾರುವ ಗುಣವನ್ನೇ ಹಿಡಿದು ಸತುವನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ತಯಾರಿಸಿದವರು ನಮ್ಮವರೇ. ರಾಜಸ್ಥಾನದ ಉದಯಪುರದ ಬಳಿಯ ಜಾವರ್‌ನಲ್ಲಿ, ಹಲವು ಶತಮಾನಗಳ ಹಿಂದೆಯೇ, ಮಣ್ಣಿನ ಮೂಸೆಗಳಲ್ಲಿ ಅದಿರು ತುಂಬಿ ಬಾಯಿ ಕೆಳಗಾಗಿ ಕುಲುಮೆಯಲ್ಲಿ ನಿಲ್ಲಿಸುತ್ತಿದ್ದರು. ಒಂದು ಕುಲುಮೆಗೆ ಆರಾರರ ಸಾಲಿನಂತೆ 36 ಮೂಸೆ. ಮೇಲೆ ಬೆಂಕಿ. ಸತುವಿನ ಆವಿ ಮೂಸೆಯ ಕೊಳವೆಯಲ್ಲಿ ಕೆಳಗಿಳಿದು, ತಂಪಿನ ಜಾಗದಲ್ಲಿ ಲೋಹವಾಗಿ ತೊಟ್ಟಿಕ್ಕುತ್ತಿತ್ತು. ‘ರಸರತ್ನಸಮುಚ್ಚಯ’ ಎಂಬ ಸಂಸ್ಕೃತ ಗ್ರಂಥ ಇದಕ್ಕೆ ಬೇಕಾದದ್ದನ್ನು ‘ವೃಂತಾಕ ಮೂಷಾ’ ಎನ್ನುತ್ತದೆ. ವೃಂತಾಕವೆಂದರೆ ಬದನೆಕಾಯಿ. ಜಾವರ್‌ನಲ್ಲಿ ಸಿಕ್ಕ ಮೂಸೆಗಳೂ ಬದನೆಕಾಯಿಯ ಆಕಾರದವೇ. ಬಳಸಿ ಬಿಸಾಡಿದ ಮೂಸೆಗಳನ್ನೇ ಇಟ್ಟಿಗೆಯಂತೆ ಪೇರಿಸಿ ಕಟ್ಟಿದ ಗೋಡೆಗಳು ಅಲ್ಲಿ ಇಂದಿಗೂ ಇವೆ. ಅಮೆರಿಕದ ಲೋಹ ತಜ್ಞರ ಸಂಸ್ಥೆ 1988ರಲ್ಲಿ ಜಾವರನ್ನು ಚಾರಿತ್ರಿಕ ತಾಣವೆಂದು ಗುರುತಿಸಿತು.

ಇನ್ನೂ ವಿಚಿತ್ರವೆಂದರೆ, ನಾವು ಬಾಣಲೆಯಿಂದ ಓಡಿಸಲು ಹೆಣಗುವ ಈ ಸತುವನ್ನು ಸೀಸದ ದೊಡ್ಡ ಕಾರ್ಖಾನೆಗಳು ತಾವಾಗಿಯೇ ಸೀಸಕ್ಕೆ ಹಾಕುತ್ತವೆ. ಗಣಿಯ ಸೀಸದಲ್ಲಿ ಸ್ವಲ್ಪ ಬೆಳ್ಳಿ ಇರುತ್ತದೆ. ಬರ್ಮಿಂಗ್‌ಹ್ಯಾಮಿನ ಅಲೆಕ್ಸಾಂಡರ್ ಪಾರ್ಕ್ಸ್ 1850ರಲ್ಲಿ ಒಂದು ಪೇಟೆಂಟ್ ಪಡೆದ. ಮುಂದೆ ಮೊದಲ ಪ್ಲಾಸ್ಟಿಕ್ ಮಾಡಿ ಹೆಸರಾದವನೂ ಇವನೇ. ಕರಗಿದ ಸೀಸಕ್ಕೆ ಸತು ಬೆರೆಸಿ ಕದಡಿದರೆ ಬೆಳ್ಳಿ ಸೀಸವನ್ನು ಬಿಟ್ಟು ಸತುವಿನ ಬೆನ್ನು ಹತ್ತುತ್ತದೆ. ತಣಿಸಿದಾಗ ಸತು ಬೆಳ್ಳಿಯನ್ನು ಹೊತ್ತು ಮೇಲೆ ಬರುತ್ತದೆ. ಕೆನೆ ತೆಗೆದರೆ ಬೆಳ್ಳಿ ಕೈಗೆ. ಸೊಗಸಾದ ಉಪಾಯ, ಇವತ್ತಿಗೂ ಬಳಕೆಯಲ್ಲಿದೆ. ಆದರೆ ಬೆಳ್ಳಿ ಕೊಟ್ಟ ಸೀಸ ತನ್ನ ಪಾಲಿನ ಅರ್ಧ ಪರ್ಸೆಂಟು ಸತುವನ್ನು ಹೊಟ್ಟೆಯಲ್ಲೇ ಇಟ್ಟುಕೊಳ್ಳುತ್ತದೆ. ಅದೇ ನಮ್ಮ ಗಣಪತಿಯ ಕಥೆ, ಟನ್ನುಗಟ್ಟಲೆ.

ಅದನ್ನು ತೆಗೆಯಲು ಅವರು ಪಟ್ಟ ಪಾಡು ಒಂದೆರಡಲ್ಲ. ಕಾವೇರಿಸಿ ಗಾಳಿ, ಉಗಿ ಹಾಯಿಸಿ ಸತುವನ್ನು ಸುಟ್ಟು ಬೂದಿ ಮಾಡಿದರು, ಜೊತೆಗೆ ಸೀಸವೂ ಸುಟ್ಟಿತು. ಕ್ಲೋರಿನ್ ಅನಿಲ ಹಾಯಿಸಿದರು. ಕರಗಿದ ಕಾಸ್ಟಿಕ್ ಸೋಡಾದಲ್ಲಿ ತೊಳೆದರು. ಕೊನೆಗೆ 1940ರ ದಶಕದಲ್ಲಿ ಅಮೆರಿಕದಲ್ಲಿ ನೆಲೆನಿಂತದ್ದು ನಿರ್ವಾತದ ವಿಧಾನ. ಸೀಸದ ಹಂಡೆಗೆ ಮುಚ್ಚಳ ಬಿಗಿದು, ಗಾಳಿ ಎಳೆದು, 600 ಡಿಗ್ರಿ ಆಸುಪಾಸಿನಲ್ಲಿ ಕದಡುತ್ತಿದ್ದರೆ, ಗಾಳಿಯ ಒತ್ತಡವಿಲ್ಲದ ಕಾರಣ ಸತು ಕುದಿಯುವ ಕಾವಿಗೆ ಮುಂಚೆಯೇ ಆವಿಯಾಗಿ ಎದ್ದು, ನೀರಿನಿಂದ ತಂಪು ಮಾಡಿದ ಮುಚ್ಚಳದ ಒಳಮೈಗೆ ಹರಳಾಗಿ ಅಂಟುತ್ತದೆ. ಮುಚ್ಚಳ ಎತ್ತಿ ಕೆರೆದರೆ ಸತು ವಾಪಸ್ಸು, ಮತ್ತೆ ಬಳಸಬಹುದು. ಜಾವರ್‌ನ ಬದನೆಕಾಯಿ ಮೂಸೆಯಲ್ಲಿ ಕೆಳಗಿಳಿದ ಆವಿ ಇಲ್ಲಿ ಮೇಲೇರಿತು, ಅಷ್ಟೇ ವ್ಯತ್ಯಾಸ. ಇಷ್ಟಾದರೂ ಸತು ಹತ್ತನೇ ಒಂದು ಪಾಲಿನಷ್ಟು ಉಳಿಯುತ್ತದೆ. ಅದನ್ನು ಮತ್ತೆ ಕಾಸ್ಟಿಕ್‌ನಿಂದ ತೊಳೆಯಬೇಕು.

ಪೇಟೆಯ ಓಣಿಯಲ್ಲಿ ನಿರ್ವಾತವೂ ಇಲ್ಲ, ಕ್ಲೋರಿನ್ನೂ ಇಲ್ಲ. ಇದ್ದದ್ದು ಇದ್ದಿಲು, ಸೌಟು, ರಾಳ. ದೊಡ್ಡಪ್ಪ ಯಂತ್ರ ನಿಲ್ಲಿಸಿ, ಲೋಹವನ್ನು ಹೊರಗಿನ ದೊಡ್ಡ ಬಾಣಲೆಗೆ ತೋಡಿ ಹಾಕಿಸಿದರು. ಎಂದೂ ಅತಿ ಕಾವು ಕೊಡದ ಮನುಷ್ಯ. ಬಾಣಲೆಗೆ ಮಡಿಸಿದ ಕಾಗದದ ಪಟ್ಟಿ ಅದ್ದಿ, ಕಂದು ಬಣ್ಣಕ್ಕೆ ತಿರುಗಿದರೆ ಸರಿ, ಹೊತ್ತಿಕೊಂಡರೆ ಜಾಸ್ತಿ ಎಂದು ಅಳೆಯುತ್ತಿದ್ದವರು. ಅವತ್ತು ಮಾತ್ರ ತಿದಿ ಒತ್ತಿ ಬಾಣಲೆಯ ತಳ ಮಂಕಾಗಿ ಕೆಂಪಗಾಗುವವರೆಗೆ ಕಾಯಿಸಿದರು. ಉದ್ದ ಹಿಡಿಯ ಸೌಟಿನಿಂದ ಲೋಹವನ್ನು ಎತ್ತಿ ಸುರಿದು, ಎತ್ತಿ ಸುರಿದು, ಚಹಾ ಅಂಗಡಿಯವನು ಹಾಲು ಆರಿಸಿದಂತೆ ಗಾಳಿಗೆ ಒಡ್ಡಿದರು. ಮೇಲೆ ಬೂದುಬಣ್ಣದ ಪುಡಿ ಕಟ್ಟುತ್ತ ಹೋಯಿತು. ಕೆರೆದರು. ಮತ್ತೆ ಕಟ್ಟಿತು. ಮತ್ತೆ ಕೆರೆದರು.

ಆಮೇಲೆ ರಾಳದ ಚೂರು ಎಸೆದರು. ಭಗ್ಗೆಂದು ಉರಿ ಎದ್ದಿತು. ರಾಳ ಹಾಕುವುದರ ಹಿಂದೆ ಲೆಕ್ಕವಿದೆ. ಗಾಳಿಗೆ ಸುಟ್ಟ ಪುಡಿಯಲ್ಲಿ ಸತುವಿನ ಜೊತೆ ಸೀಸ, ತವರವೂ ಇರುತ್ತವೆ. ರಾಳ, ಮೇಣ, ಮರದ ಹೊಟ್ಟು ಇವುಗಳ ಇಂಗಾಲ ಸೀಸದ ಪುಡಿಯಿಂದ ಆಮ್ಲಜನಕ ಕಿತ್ತು ಮತ್ತೆ ಲೋಹ ಮಾಡಿ ಬಾಣಲೆಗೆ ಇಳಿಸುತ್ತದೆ, ತವರದ ಸ್ವಲ್ಪ ಭಾಗವನ್ನೂ ಉಳಿಸಿಕೊಡುತ್ತದೆ. ಸತುವಿನ ಪುಡಿಯ ಮೇಲೆ ಮಾತ್ರ ಈ ಕಾವಿನಲ್ಲಿ ಇಂಗಾಲದ ಆಟ ನಡೆಯುವುದಿಲ್ಲ. ಹಾಗಾಗಿ ಸುಟ್ಟ ಸತು ಬೂದಿಯಲ್ಲೇ ಉಳಿದು ಆಚೆ ಹೋಗುತ್ತದೆ. ಸತುವಿನ ಆಮ್ಲಜನಕದ ಆಸೆಯೇ ಮೊದಲು ಕೆಲಸ ಕೆಡಿಸಿದ್ದು, ಈಗ ಅದನ್ನು ಹಿಡಿದುಕೊಟ್ಟದ್ದೂ ಅದೇ.

ಎರಡು ತಾಸಿನ ಮೇಲೆ ಮೊಳೆ ಹೊಯ್ದು ನೋಡಿದರು. ತಲಕಟ್ಟು ಬಂದಿತ್ತು. ಆದರೆ ದೊಡ್ಡಪ್ಪ ಮೊಳೆಯನ್ನು ಕಲ್ಲಿಗೆ ಕುಟ್ಟಿ ತಲೆಯಾಡಿಸಿದರು. ಗಾಳಿಗೆ ಸುಡುವ ಸರದಿಯಲ್ಲಿ ಸತುವಿನ ಬೆನ್ನಿಗೇ ನಿಂತಿರುವುದು ತವರ; ಅದರ ಹಿಂದೆ ಆಂಟಿಮನಿ; ಸೀಸದ್ದು ಕಡೆಯ ಸರದಿ. ಹತ್ತು ಪೈಸೆಯ ಸತು ಓಡಿಸಲು ಹೋಗಿ, ಎಲ್ಲಕ್ಕಿಂತ ದುಬಾರಿಯಾದ ತವರವನ್ನು ಬೂದಿ ಮಾಡಿದ್ದಾಗಿತ್ತು. ಅದನ್ನು ಮತ್ತೆ ತೂಕ ಮಾಡಿ ಹಾಕಬೇಕು, ಇದ್ದಿಲಿನ ಖರ್ಚು, ಒಂದು ದಿನದ ಕೂಲಿ. ಸಂಜೆ ಆ ಲೋಹವನ್ನೆಲ್ಲ ಗಟ್ಟಿಗಳಾಗಿ ಹೊಯ್ಸಿ, ಪ್ರತಿಯೊಂದರ ಬೆನ್ನಿಗೂ ಉಳಿಯಿಂದ ‘ಸ’ ಎಂದು ಕೆತ್ತಿಸಿದರು. “ಗುಜರಿಯವ್ನಿಗೆ ಕೊಡುವಾಗ ಸತು ಬಿದ್ದದ್ದು ಅಂತ ಹೇಳೇ ಕೊಡು. ಮುಚ್ಚಿಟ್ರೆ ಅವ್ನು ಇನ್ನೊಬ್ನ ಬಾಣಲೆಗೆ ಹಾಕ್ತಾನೆ” ಎಂದು ಆಳಿಗೆ ಹೇಳಿದ್ದು ಕಿವಿಯಲ್ಲಿದೆ. ಅಕ್ಷರಕ್ಕೆ ಬೇಡವಾದ ಲೋಹ ಮೀನುಬಲೆಯ ಗುಂಡಿಗೆ ಧಾರಾಳ ಸಾಕು. ಬಲೆಯನ್ನು ಮುಳುಗಿಸಲು ತಲಕಟ್ಟು ಬೇಕಿಲ್ಲ.

ಬೇರೆ ನಾಟಿ ಉಪಾಯಗಳೂ ಕೇಳಿಬರುತ್ತಿದ್ದವು. ಒಬ್ಬರು ಗಂಧಕ ಹಾಕಿ ಎನ್ನುತ್ತಿದ್ದರು. ಗಂಧಕ ನಿಜವಾಗಿ ಒಳ್ಳೆಯ ಮದ್ದಾಗುವುದು ತಾಮ್ರಕ್ಕೆ. ಸತುವನ್ನೂ ಸ್ವಲ್ಪ ಹಿಡಿಯುತ್ತದಾದರೂ ನಿಧಾನ, ಅದಕ್ಕೆ ಓಣಿಯೆಲ್ಲ ಕೆಮ್ಮಬೇಕು. ಕಲಾಯಿಯವರು ಪಾತ್ರೆಗೆ ಬಳಸುವ ನವಸಾಗರ ಇನ್ನೊಂದು. ಅದರ ಕ್ಲೋರಿನ್ ಅಂಶ ಸತುವಿಗೆ ಅಂಟಿಕೊಳ್ಳುವುದು ನಿಜ, ದೊಡ್ಡ ಕಾರ್ಖಾನೆಯ ಕ್ಲೋರಿನ್ನಿನದೂ ಅದೇ ತತ್ವ. ಆದರೆ ಕರಗಿದ ಸೀಸದ ಮೇಲೆ ನವಸಾಗರ ಎರಚಿದರೆ ಏಳುವ ಹೊಗೆಯನ್ನು ಒಮ್ಮೆ ಕುಡಿದವರು ಎರಡನೇ ಸಲ ಎರಚುವುದಿಲ್ಲ. ಹೊಸ ಸೀಸ ಸೇರಿಸಿ ಸತುವಿನ ಪಾಲನ್ನು ಇಳಿಸುವುದೂ ಉಂಟು. ಒರಟು ಎರಕಕ್ಕೆ ಇದಕ್ಕಿಂತ ಸುಲಭದ ದಾರಿ ಇಲ್ಲ. ಮೊಳೆಗಾದರೆ ಒಂದು ಬಾಣಲೆಯ ರೋಗವನ್ನು ನಾಲ್ಕು ಬಾಣಲೆಗೆ ಹಂಚಿದಂತೆ.

ಅಚ್ಚುಮೊಳೆಯ ಕಾಲ ಮುಗಿದುಹೋಯಿತು. ಕಂಪ್ಯೂಟರ್ ಬಂದ ಮೇಲೆ ಪ್ರೆಸ್ಸುಗಳು ಕೇಸುಗಟ್ಟಲೆ ಅಕ್ಷರಗಳನ್ನು ತೂಕಕ್ಕೆ ಹಾಕಿದವು. 1843ರಲ್ಲಿ ಮಂಗಳೂರಿನಲ್ಲಿ ಹೆರ್ಮನ್ ಮೊಗ್ಲಿಂಗ್ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಡಿಸಿದಾಗ ಅದನ್ನು ಮೊಳೆಯಲ್ಲಲ್ಲ, ಕಲ್ಲಚ್ಚಿನಲ್ಲಿ ಮುದ್ರಿಸಬೇಕಾಯಿತು. ಅಲ್ಲಿಂದ ಒಂದೂವರೆ ಶತಮಾನದಲ್ಲಿ ಅಷ್ಟು ಕಷ್ಟಪಟ್ಟು ಕೂಡಿಸಿದ ಮೊಳೆಯೆಲ್ಲ ಬ್ಯಾಟರಿಗೋ ಬಲೆಗುಂಡಿಗೋ ಹೋಯಿತು. ಅದರ ಬಗ್ಗೆ ಅಳುವವರು ಅಳಲಿ, ದೊಡ್ಡಪ್ಪ ಅಳಲಿಲ್ಲ. “ಕಣ್ಣು ಉಳೀತು” ಎಂದರು.

ಆದರೆ ಸೀಸ ಕರಗಿಸುವವರು ಮುಗಿದಿಲ್ಲ. ಬೀಸುಬಲೆಯ ಅಂಚಿಗೆ ಗುಂಡು ಹೊಯ್ದುಕೊಳ್ಳುವವರು, ಗಾಳಕ್ಕೆ ತೂಕ ಮಾಡಿಕೊಳ್ಳುವವರು, ತೂಕದ ಬೊಟ್ಟು ಎರಕ ಹೊಯ್ಯುವವರು ಇದ್ದೇ ಇದ್ದಾರೆ. ಅವರ ಬಾಣಲೆಗೆ ಈಗ ಸತು ಬರುವ ದಾರಿ ಬೇರೆ. ಅದು ಟೈರ್ ಅಂಗಡಿಯ ಬಕೆಟ್ಟು. ಚಕ್ರ ಅಲುಗದಂತೆ ರಿಮ್ಮಿನ ಅಂಚಿಗೆ ಬಡಿಯುವ ಬೆರಳುದ್ದದ ತೂಕಗಳು ಹಿಂದೆ ಸೀಸದವೇ ಆಗಿದ್ದವು. ರಸ್ತೆಗೆ ಉದುರಿ ಸವೆದು ಪುಡಿಯಾಗುತ್ತವೆಂದು ಯುರೋಪು 2005ರ ಹೊತ್ತಿಗೆ ಅವನ್ನು ದೂರವಿಟ್ಟಿತು, ಕ್ಯಾಲಿಫೋರ್ನಿಯಾ 2010ರಿಂದ ನಿಷೇಧಿಸಿತು. ಬದಲಿಗೆ ಬಂದವು ಸತು ಮತ್ತು ಉಕ್ಕಿನವು. ಅಮೆರಿಕದಲ್ಲಿ ಮನೆಯಲ್ಲೇ ಬಂದೂಕಿನ ಗುಂಡು ಎರಕ ಹೊಯ್ಯುವ ಹವ್ಯಾಸಿಗಳು, ಟೈರ್ ಅಂಗಡಿಯ ತೂಕವನ್ನೇ ನೆಚ್ಚಿಕೊಂಡಿದ್ದವರು, ಆಗ ಎದುರಿಸಿದ್ದು ನಮ್ಮ ಓಣಿಯ ಅಂಬಲಿಯನ್ನೇ. ಕಾರು ದೇಶ ದಾಟುತ್ತದೆ, ಅದರ ಜೊತೆ ತೂಕವೂ ದಾಟುತ್ತದೆ. ಇಂದು ಇಲ್ಲಿನ ಬಕೆಟ್ಟಿನಲ್ಲೂ ಮೂರೂ ಕಲೆತಿರುತ್ತವೆ.

ಹೋದ ವರ್ಷ ಅಂಥದೊಂದು ಬಕೆಟ್ಟನ್ನು ನಾನೇ ನೆಲಕ್ಕೆ ಸುರಿದು ಕುಳಿತೆ. ನಮ್ಮ ಭಾವನ ಮಗನಿಗೆ ಗಾಳದ ಹುಚ್ಚು. ತೂಕ ಹೊಯ್ದುಕೊಳ್ಳುತ್ತೇನೆಂದು ಹಠ ಹಿಡಿದಿದ್ದ. ಕೆಲವದರ ಮೈಮೇಲೆ ಸತುವಿನ, ಕಬ್ಬಿಣದ ಸಂಕೇತಾಕ್ಷರಗಳೇ ಅಚ್ಚಾಗಿದ್ದವು, ಅವು ಸುಲಭ. ಅಯಸ್ಕಾಂತಕ್ಕೆ ಹಾರಿದವು ಉಕ್ಕು. ಆದರೆ ಸೀಸದ ತೂಕದ ಕ್ಲಿಪ್ಪೂ ಉಕ್ಕಿನದೇ, ಅದಕ್ಕೆ ಮೋಸಹೋಗಬಾರದು. ಉಳಿದದ್ದನ್ನು ಒಂದೊಂದಾಗಿ ಸಿಮೆಂಟ್ ನೆಲಕ್ಕೆ ಬೀಳಿಸಿದೆ. ಸೀಸ ಹಸಿ ಮಣ್ಣಿನಂತೆ ಥಪ್ಪೆಂದಿತು, ಸತು ನಾಣ್ಯದಂತೆ ಠಣ್ಣೆಂದಿತು. ಅನುಮಾನ ಬಂದದ್ದಕ್ಕೆ ಕಟಿಂಗ್ ಪ್ಲೇಯರ್. ಸೀಸವಾದರೆ ಬಾಯಿ ಬೆಣ್ಣೆಗಿಳಿದಂತೆ ಇಳಿಯುತ್ತದೆ, ಸತು ಕಚ್ಚಿಸಿಕೊಳ್ಳುವುದಿಲ್ಲ. ಅಲ್ಲಿಗೂ ತೀರದ ಮೂರ್ನಾಲ್ಕು ಚೂರಿಗೆ ಕಕ್ಕಸು ತೊಳೆಯುವ ಆ್ಯಸಿಡ್ಡಿನ ಒಂದೊಂದು ಹನಿ. ಸತುವಿನ ಮೇಲೆ ಸೋಡಾದಂತೆ ಬುರುಗು, ಸೀಸದ ಮೇಲೆ ಏನೂ ಇಲ್ಲ. ಇಡೀ ಬಕೆಟ್ಟಿಗೆ ಮುಕ್ಕಾಲು ತಾಸು ಹಿಡಿಯಿತು. ದೊಡ್ಡಪ್ಪ ಒಂದು ಇಡೀ ದಿನ, ಒಂದು ಚೀಲ ಇದ್ದಿಲು, ತವರ ಸುಟ್ಟು ಮಾಡಿದ ಕೆಲಸಕ್ಕೆ ಇದು ಮುಕ್ಕಾಲು ತಾಸಿನ ಬದಲಿ. ಸತು ಬಿದ್ದ ಲೋಹವನ್ನು ಮನೆಯಲ್ಲಿ ಶುದ್ಧ ಮಾಡಲು ಹೋಗುವುದು ದಂಡ ಎಂದು ನಾನು ಅಳುಕದೆ ಹೇಳುತ್ತೇನೆ.

ದಂಡ ಎನ್ನಲು ಖರ್ಚೊಂದೇ ಕಾರಣವಲ್ಲ. ಸತು ಸುಡಲು ಕಾವು ಏರಿಸಬೇಕು, ಕದಡಬೇಕು, ಪುಡಿ ಕೆರೆಯಬೇಕು. ಆ ಬೂದಿಯಲ್ಲಿ ಸತುವಿಗಿಂತ ಸೀಸವೇ ಹೆಚ್ಚು. ಹಿಟ್ಟಿನಷ್ಟು ನಯ, ಊದಿದರೆ ಹಾರುತ್ತದೆ, ಬಟ್ಟೆಗೆ ಅಂಟಿ ಮನೆಗೆ ಬರುತ್ತದೆ. ಬೋಂಡದ ಮಾತು ಇಲ್ಲಿಗೆ ಬಂತು. ಅಂದು ಸೀಸ ವಿಷವೆಂದು ನಮಗ್ಯಾರಿಗೂ ಹೊಳೆದಿರಲಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜಾರ್ಜ್ ಫೌಂಡೇಶನ್ ತೊಂಬತ್ತರ ದಶಕದ ಕೊನೆಯಲ್ಲಿ ದೇಶದ ಹಲವು ನಗರಗಳಲ್ಲಿ ಸಾವಿರಾರು ಜನರ ರಕ್ತ ಪರೀಕ್ಷೆ ಮಾಡಿಸಿದಾಗ, ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಸೀಸ ಆಗಿನ ಮಿತಿಯನ್ನು ದಾಟಿತ್ತು. 1999ರಲ್ಲಿ ಬೆಂಗಳೂರಿನಲ್ಲೇ ಸೀಸದ ವಿಷದ ಬಗ್ಗೆ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. 2000ದ ಫೆಬ್ರುವರಿಯಿಂದ ದೇಶದಲ್ಲಿ ಸೀಸದ ಪೆಟ್ರೋಲು ನಿಂತಿತು. ಪೆಟ್ರೋಲಿನದು ನಿಂತರೂ ಹಿತ್ತಿಲ ಒಲೆಯದು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ಮಕ್ಕಳ ಮಿದುಳಿಗೆ ಸುರಕ್ಷಿತವೆನ್ನಬಹುದಾದ ಸೀಸದ ಪ್ರಮಾಣವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ.

ಭಾವನ ಮಗನ ಎರಕ ಬಯಲಿನಲ್ಲೇ ಆಯಿತು, ಗಾಳಿ ನಮ್ಮ ಬೆನ್ನಿನಿಂದ ಬೀಸುವಂತೆ ನಿಂತು. ಆರಿಸಿದ ಚೂರುಗಳನ್ನು ಹಿಂದಿನ ದಿನವೇ ಬಿಸಿಲಿಗೆ ಹರಡಿದ್ದೆವು. ಒಂದು ಹನಿ ನೀರು ಕರಗಿದ ಸೀಸದೊಳಗೆ ಹೋದರೆ ಬಾಣಲೆಯೇ ಮೇಲಕ್ಕೆ ಚಿಮ್ಮುತ್ತದೆ. ಲೋಹ ಕನ್ನಡಿಯಂತೆ ಕರಗಿತು, ತೂಕ ಚೆನ್ನಾಗಿ ಬಂದವು. ಬಾಣಲೆ, ಸೌಟು ಎರಡಕ್ಕೂ ಕೆಂಪು ಬಣ್ಣ ಬಳಿದು ದನದ ಕೊಟ್ಟಿಗೆಯ ಅಟ್ಟದ ಮೇಲಿಟ್ಟಿದ್ದೇವೆ, ಅಡುಗೆಮನೆಗೆ ಮತ್ತೆ ಬರದಿರಲೆಂದು.

ಗುಜರಿಯಿಂದ ಸೀಸ ತಂದು ಕರಗಿಸುವವರು ನಿಮ್ಮ ಮನೆಯಲ್ಲಿ, ಕೇರಿಯಲ್ಲಿ ಇದ್ದರೆ ಇಷ್ಟು ಹೇಳಿ. ಒಲೆ ಹೊತ್ತಿಸುವ ಮೊದಲು, ತಣ್ಣಗಿರುವಾಗಲೇ, ನೆಲಕ್ಕೆ ಸುರಿದು ಒಂದೊಂದಾಗಿ ಬೀಳಿಸಿ ಕೇಳಲಿ. ಠಣ್ಣೆಂದದ್ದನ್ನು ಪಕ್ಕಕ್ಕಿಡಲಿ. ಆಗಲೇ ಸತು ಬಿದ್ದಿದ್ದರೆ ಕಾವೇರಿಸುತ್ತ ಕೂರುವುದು ಬೇಡ, ಗಟ್ಟಿ ಹೊಯ್ದು, ಅದರ ಬೆನ್ನಿಗೆ ಗುರುತು ಹಾಕಿ, ಹೇಳಿಯೇ ಮಾರಲಿ. ಮಕ್ಕಳನ್ನು ಒಲೆಯ ಹತ್ತಿರ ಬಿಡುವುದು ಬೇಡ. ಕೈ ತೊಳೆಯದೆ ಬೋಂಡ ತಿನ್ನುವುದಂತೂ ಬೇಡವೇ ಬೇಡ.